ಅಕ್ಕನ ಹೊಲದಲ್ಲಿ ಕಂಪನಿಯ ಫಲಕ

ಕೊರ್ಡೊಬಾ ಬಯಲಿನ ಒಂದು ಊರಿಗೆ ಕುಲಾಂತರಿ ಸೋಯಾ ಬೀಜವನ್ನು ಮೊದಲು ತಂದವನು ಬೀಜದ ಕಂಪನಿಯ ಮಾರಾಟಗಾರ ಡೆಲ್ಮೊ ಪೌತಾಸ್ಸೊ. "ಔಷಧಿ ಹೊಡೆದ್ರೆ ಕಳೆ ಸಾಯತ್ತೆ, ಈ ಗಿಡಕ್ಕೇನೂ ಆಗಲ್ಲ. ಇನ್ಮೇಲೆ ಚಳಿಗಾಲದಲ್ಲಿ ರೈ ಬಿತ್ತೋ ಗೋಜೇ ಬೇಡ" ಎಂದು ಮನೆಮನೆಗೆ ಹೋಗಿ ಹೇಳಿದ್ದ. ಗೋಧಿಯಂಥ ಆ ಮೇವಿನ ಬೆಳೆಯನ್ನು ಜನ ಬಿತ್ತುವುದು ಬಿಟ್ಟರು. ಕೆಲವು ವರ್ಷ ಅವನ ಮಾತು ನಿಜವೂ ಆಯಿತು. ಆಮೇಲೆ ಕೆಂಪು ದಂಟಿನ ಕಳೆ ಆ ಔಷಧಿಯನ್ನು ಅರಗಿಸಿಕೊಳ್ಳಲು ಕಲಿತು ಆಳೆತ್ತರ ಬೆಳೆದು ನಿಂತಿತು. ಅದು ಎಲ್ಲಕ್ಕಿಂತ ಸೊಂಪಾಗಿ ಬೆಳೆದದ್ದು ಡೆಲ್ಮೊನ ಹೊಲದಲ್ಲೇ.

ಅದೇ ಹೊತ್ತಿಗೆ ಬೀಜದ ಕಂಪನಿಯವರು ರೈತರನ್ನು ಕರೆದು ತಮ್ಮ ಬೀಜದ ಬೆಳೆ ತೋರಿಸಬೇಕೆಂದು ಡೆಲ್ಮೊನಿಗೆ ಹೇಳಿದರು. ಕಳೆಯಿಲ್ಲದ ಹೊಲಕ್ಕಾಗಿ ಡೆಲ್ಮೊ ಊರೆಲ್ಲ ಸುತ್ತಿದ. ಸಿಕ್ಕಿದ್ದು ಒಂದೇ, ಅಕ್ಕ ಇರ್ಮಾಳದು.

ಅಲ್ಲಿದ್ದದ್ದೂ ಅವನೇ ಮಾರಿದ ಸೋಯಾ. ಆದರೆ ಇರ್ಮಾ ಕರುಗಳ ಮೇವಿಗೆಂದು ರೈ ಬಿತ್ತುವುದನ್ನು ಬಿಟ್ಟಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡಳು, ಕರುಗಳನ್ನು ಮಾರಿಬಿಟ್ಟಳು. ಮೇಯುವವರಿಲ್ಲದೆ ರೈ ಎದೆಮಟ್ಟ ಬೆಳೆಯಿತು. ಬೇರೆ ದಾರಿ ಕಾಣದೆ ಅದರ ಮೇಲೆ ಉರುಳೆ ಹಾಯಿಸಿ ಮಲಗಿಸಿ, ನಡುವೆಯೇ ಸೋಯಾ ಬಿತ್ತಿಸಿದಳು. ಕಳೆ ತಲೆಯೆತ್ತಲೇ ಇಲ್ಲ.

"ಅಕ್ಕಾ, ಒಂದಿನದ ಮಟ್ಟಿಗೆ ನಿನ್ನ ಹೊಲ ಕೊಡೇ" ಎಂದ ಡೆಲ್ಮೊ, ಅವಳು ಕೊಟ್ಟ ಮಾಟೆ ಕಷಾಯ ಹೀರುತ್ತ.

"ಯಾಕೋ, ನಿಂದು ಕಾಡಾಯ್ತಾ?"

"ಹಂಗಿಸ್ಬೇಡ."

"ಕೊಡ್ತೀನಿ. ಆದ್ರೆ ರೈ ವಿಷಯ ನಿನ್ನ ಬಾಯಿಂದ್ಲೇ ಬರ್ಬೇಕು. ರೈ ಇದ್ರೆ ಕಳೆ ಬರಲ್ಲ ಅಂತ ಅಪ್ಪ ಹೇಳ್ದಾಗ ಹಲ್ಲು ಕಿರಿದಿದ್ಯಲ್ಲ, ಅದಕ್ಕೆ."

ಬೆಳೆ ತೋರಿಸುವ ದಿನ ಹೊಲದಂಚಿನಲ್ಲಿ ಬಂದವರ ಊಟಕ್ಕೆಂದು ಮಾಂಸ ಸುಡುವ ಹೊಗೆ ಎದ್ದಿತ್ತು. ಡೆಲ್ಮೊ ಕಂಪನಿಯ ಅಧಿಕಾರಿಯ ಪಕ್ಕ ನಿಂತು ಸೇರಿದ್ದ ರೈತರತ್ತ ತಿರುಗಿದ. ಅಕ್ಕ ಊರುಗೋಲಿಗೆ ಗದ್ದವಿಟ್ಟು ಅವನನ್ನೇ ನೋಡುತ್ತಿದ್ದಳು. ಕೆಲಸ ಹೋದರೆ ಹೋಗಲಿ ಎಂದುಕೊಂಡ.

"ನಿಜ ಹೇಳ್ತೀನಿ. ಇಲ್ಲಿ ಕಳೆ ತಡೆದಿರೋದು ನಮ್ಮ ಬೀಜ ಅಲ್ಲ, ಕೆಳಗೆ ಮಲಗಿರೋ ರೈ. ಅದು ಮಣ್ಣಿಗೆ ಬಿಡೋ ಅದೇನೋ ರಸಕ್ಕೆ ಕಳೆ ಮೊಳೆಯೋದೇ ಇಲ್ಲ. ನಾವೇ ಅದನ್ನ ಬಿಡಿಸಿ ಕೆಟ್ವಿ."

ಡೆಲ್ಮೊನ ಪಕ್ಕದ ಹೊಲದ ಎವೆಲಿಯೊ ತೊಡೆ ತಟ್ಟಿಕೊಂಡು ನಕ್ಕ. "ನೋಡ್ರಪ್ಪಾ, ಮಾರೋಕೆ ಬಂದವ್ನೇ ತನ್ನ ಸಾಮಾನು ಬೈತಾನೆ! ಇಷ್ಟು ಧೈರ್ಯ ಇದೆ ಅಂದ್ಮೇಲೆ ಬೀಜ ಎಂಥದ್ದಿರ್ಬೇಕು!"

ಎಲ್ಲರೂ ಹೋ ಎಂದು ನಕ್ಕರು. ಅಧಿಕಾರಿಯೂ ನಕ್ಕು ಅವನ ಬೆನ್ನು ತಟ್ಟಿದ. ಮಾಂಸ ಬೇಯುವಷ್ಟರಲ್ಲಿ ಆ ವರ್ಷದ ಬೀಜವೆಲ್ಲ ಖರ್ಚಾಯಿತು. ರೈ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ. ಸಂಜೆ ಇರ್ಮಾಳ ಬೇಲಿಗೆ ಕಂಪನಿಯ ಫಲಕ ಏರಿತು: 'ಕಳೆಗೆ ಇಲ್ಲಿ ಜಾಗವಿಲ್ಲ.'

"ನಿಜ ಹೇಳಿ ಮೋಸ ಮಾಡಿದವ್ನನ್ನ ನಾನು ನೋಡಿರೋದು ನಿನ್ನೊಬ್ಬನನ್ನೇ ಕಣೋ" ಎಂದಳು ಇರ್ಮಾ.

ಡೆಲ್ಮೊ ಆ ವರ್ಷದ ಅತ್ಯುತ್ತಮ ಮಾರಾಟಗಾರನಾದ. ಶರತ್ಕಾಲ ಬಂದಾಗ ಅಕ್ಕನಿಂದ ಬೀಜ ತಂದು, ರಸ್ತೆಗೆ ಕಾಣದ ಹಿಂದಿನ ತುಂಡಿನಲ್ಲಿ ರೈ ಬಿತ್ತತೊಡಗಿದ. ಎವೆಲಿಯೊ ಬೇಲಿಯಾಚೆಯಿಂದ ಇಣುಕಿದ.

"ಏನೋ ಅದು, ರೈಯಾ?"

"ಹಸುಗಳಿಗೆ" ಎಂದುಬಿಟ್ಟ ಡೆಲ್ಮೊ.

"ನಿಂಗೆಲ್ಲಿದ್ಯಪ್ಪಾ ಹಸು?"

ಮುಂದಿನ ವಾರ ಡೆಲ್ಮೊ ದನದ ಸಂತೆಗೆ ಹೋಗಿ ಎರಡು ಹಸು ಖರೀದಿಸಿ ಹೊಡೆದುಕೊಂಡು ಬಂದ.