ದೋಚ್ಕಾ ಅಂಟಿಸಿದ ಚೀಟಿ

ಕ್ರಿವಿ ದೋಲ್ ಹಳ್ಳಿಯ ಮೇಯರ್ ಚುನಾವಣೆಗೆ ನಿಂತವರು ಇಬ್ಬರೇ. ಆ ಇಬ್ಬರ ಪರಿಸರ ನೀತಿಯನ್ನು ದೋಚ್ಕಾ ಅಜ್ಜಿಯಷ್ಟು ಶ್ರದ್ಧೆಯಿಂದ ತೂಗಿ ನೋಡಿದವರು ಇನ್ನೊಬ್ಬರಿಲ್ಲ. ಹಾಗೆಂದು ಅವಳಿಗೆ ಭೂಮಂಡಲದ ಚಿಂತೆ ಹತ್ತಿತ್ತೆಂದಲ್ಲ. ಊರಿನ ಕಸವೆಲ್ಲ ಬಂದು ಬೀಳುವ ಕೊರಕಲು ಅವಳ ಹಿತ್ತಿಲಿನ ಮೇಲ್ಗಡೆಯೇ ಇತ್ತು. ಗಾಳಿ ಬೀಸಿದರೆ ದೊಣ್ಣೆಮೆಣಸಿನಕಾಯಿ ಗಿಡಗಳಿಗೆ ಪ್ಲಾಸ್ಟಿಕ್ ಚೀಲಗಳು ನೇತುಬೀಳುತ್ತಿದ್ದವು. ಯಾರಾದರೂ ಹಳೇ ಟೈರಿಗೆ ಬೆಂಕಿ ಇಟ್ಟರೆ ಒಗೆದ ಬಟ್ಟೆ ಕಪ್ಪಾಗುತ್ತಿತ್ತು, ಅವಳಿಗೆ ಕೆಮ್ಮು ಹತ್ತುತ್ತಿತ್ತು. ಆ ಕಸ ಅಲ್ಲಿಂದ ತೊಲಗಲಿ ಎಂದು ಅವಳು ಬೇಡಿಕೊಳ್ಳಲು ಶುರುಮಾಡಿ ಹನ್ನೆರಡು ವರ್ಷವಾಗಿತ್ತು.

ಹಾಲಿ ಮೇಯರ್ ಗೆಂಚೊನ ನೀತಿ, ಕೊರಕಲಿನ ಸುತ್ತ ಪಾಪ್ಲರ್ ಮರ ನೆಡುವುದು.

"ಮರ ಎದ್ಮೇಲೆ ಕಸ ಕಾಣೋದೇ ಇಲ್ಲ, ಅಜ್ಜಿ!"

"ಕಣ್ಣಿಗೆ ಮರ ಅಡ್ಡ ಇಟ್ಟೆ, ಸರಿ. ಮೂಗಿಗೇನು ಅಡ್ಡ ಇಡ್ತೀಯಪ್ಪ?"

ಎದುರಾಳಿ ನಾಯ್ದೆನ್ ನೀರಾವರಿ ಎಂಜಿನಿಯರ್ ಆಗಿದ್ದವನು. ಕಸವನ್ನೆಲ್ಲ ಲಾರಿಗೆ ತುಂಬಿಸಿ ಸಾಗಿಸಿ, ಕೊರಕಲಿಗೆ ಹೊಸ ಮಣ್ಣು ಹಾಕಿಸುತ್ತೇನೆಂದು ಅವನ ಮಾತು. ಪುಣ್ಯಾತ್ಮ ನುಡಿದಂತೆ ನಡೆಯುವವನು. ಬಣ್ಣದ ಶಾಯಿ ವಿಷ, ಹೊಳಪಿನ ಕಾಗದ ದಂಡ ಎಂದು ಪ್ರಚಾರದ ಚೀಟಿಯನ್ನು ಮರುಬಳಕೆಯ ಬೂದು ಕಾಗದದಲ್ಲಿ, ಬರೀ ಕಪ್ಪು ಶಾಯಿಯಲ್ಲಿ ಅಚ್ಚು ಹಾಕಿಸಿದ್ದ. ಮೇಲೆ ಅವನ ಗಂಭೀರ ಫೋಟೊ, ಕೆಳಗೆ ಹೆಸರು, ಹುಟ್ಟಿದ ವರ್ಷ, 'ಈ ಮಣ್ಣಿಗೆ ನನ್ನನ್ನೇ ಅರ್ಪಿಸಿಕೊಂಡಿದ್ದೇನೆ' ಎಂಬ ಒಂದು ಸಾಲು. ಅಂಥ ನಲವತ್ತು ಚೀಟಿಗಳನ್ನು ದೋಚ್ಕಾಳ ಕೈಗಿಟ್ಟು, ಅವನು ಒಂದು ರಾತ್ರಿ ಇದ್ದು ಬರಲು ಪೇಟೆಯಲ್ಲಿದ್ದ ತಂಗಿಯ ಮನೆಗೆ ಹೋದ.

ಅಂಟಿಸುವುದರಲ್ಲಿ ದೋಚ್ಕಾಳನ್ನು ಮೀರಿಸುವವರಿರಲಿಲ್ಲ. ಊರಲ್ಲಿ ಯಾರೇ ಸತ್ತರೂ ಫೋಟೊ, ಹೆಸರು, ವರ್ಷ ಹಾಕಿದ ಕಪ್ಪು ಶಾಯಿಯ ಸಾವಿನ ಚೀಟಿ ಅಂಟಿಸಬೇಕು. ನಲವತ್ತನೇ ದಿನಕ್ಕೊಮ್ಮೆ, ವರ್ಷಕ್ಕೊಮ್ಮೆ ಮತ್ತೆ ಅಂಟಿಸಬೇಕು. ಮೂವತ್ತು ವರ್ಷದಿಂದ ಅದು ಅವಳದೇ ಕೆಲಸ. ಅಂದು ಸಂಜೆ ಹಿಟ್ಟಿನ ಅಂಟು ಕಲಸಿಕೊಂಡು ಹೊರಟಾಗ ಕೈ ತನ್ನ ಪಾಡಿಗೆ ತಾನು ನಡೆಯಿತು: ಬಸ್ ನಿಲ್ದಾಣ, ಬ್ರೆಡ್ ಅಂಗಡಿಯ ಬಾಗಿಲು, ಚರ್ಚಿನ ಗೋಡೆ. ಕೊನೆಗೆ, ಸತ್ತವರ ಮನೆಗೆ ಅಂಟಿಸುವ ಹಾಗೆಯೇ, ನಾಯ್ದೆನ್ ಮನೆಯ ಗೇಟಿಗೂ ಒಂದು.

ಬೆಳಿಗ್ಗೆ ಪಕ್ಕದ ಮನೆಯ ಕಿನಾ ಸೇವಂತಿಗೆ ಹಿಡಿದು ಬಂದಳು. ಹೂವು ಎಣಿಸಿ ನಾಲ್ಕು, ಸತ್ತವರಿಗೆ ಒಯ್ಯುವ ಸಮಸಂಖ್ಯೆ.

"ಲೇ ದೋಚ್ಕಾ, ನಾಯ್ದೆನ್ ಹೋಗ್ಬಿಟ್ನಲ್ಲೇ!"

"ಹ್ಞೂಂ, ನಿನ್ನೇನೇ ಹೋದ. ಅದಕ್ಯಾಕೆ ಹೂವು?"

"ಎಂಥ ಕಲ್ಲೆದೆನೇ ನಿಂದು! ಚೀಟಿ ಅಂಟ್ಸಿದ್ದು ನೀನೇ ಅಲ್ವೇನೇ?"

ಆಗ ದೋಚ್ಕಾಳಿಗೆ ಹೊಳೆಯಿತು. ತಲೆ ಚಚ್ಚಿಕೊಂಡು ಚೌಕಕ್ಕೆ ಓಡಿದಳು. ಬಸ್ ನಿಲ್ದಾಣದ ಮುಂದೆ ಅರ್ಧ ಊರೇ ನೆರೆದಿತ್ತು. ಸತ್ತವರ ಹೆಸರಲ್ಲಿ ಹಂಚುವ, ಸಕ್ಕರೆ ಹಾಕಿ ಬೇಯಿಸಿದ ಗೋಧಿಯ ತಟ್ಟೆ ಆಗಲೇ ಕೈಯಿಂದ ಕೈಗೆ ಹೋಗುತ್ತಿತ್ತು. ನಿಜ ಹೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮಾತುಗಳು ಕಿವಿಗೆ ಬಿದ್ದವು.

"ಆ ಕಸ ಎತ್ತಿಸ್ತೀನಿ ಅನ್ನೋ ಗಂಡಸು ಅಂತ ಇದ್ದಿದ್ದು ಅವನೊಬ್ನೇ."

"ಬಂಗಾರದಂಥ ಯೋಜನೆ ಕಣ್ರೀ."

ನಿನ್ನೆಯವರೆಗೆ ಅವನನ್ನು ಕಸದ ಹುಚ್ಚ ಎಂದು ಆಡಿಕೊಂಡವರೇ ಇವರು! ದೋಚ್ಕಾ ತೆರೆದ ಬಾಯಿ ಮುಚ್ಚಿದಳು.

ಗೆಂಚೊ ಕರಿ ಕೋಟು ತೊಟ್ಟು ಬಂದ. ಟೋಪಿ ತೆಗೆದು ಬೆಂಚು ಹತ್ತಿದ. ಎದುರಾಳಿಯೇ ಇಲ್ಲದ ಮೇಲೆ ಔದಾರ್ಯಕ್ಕೇನು ಬರ? ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ನಾಯ್ದೆನ್ ಸೈಕಲ್ ತುಳಿಯುತ್ತ ಬರುವುದನ್ನು ದೋಚ್ಕಾ ಕಂಡಳು. ಬೇರೆ ಯಾರೂ ನೋಡಿರಲಿಲ್ಲ. ನುಗ್ಗಿ ಹೋಗಿ, ಸೈಕಲ್ ಸಮೇತ ಅವನನ್ನು ನಿಲ್ದಾಣದ ಹಿಂದಕ್ಕೆ ಎಳೆದಳು.

"ಏನಜ್ಜಿ ಇದು? ಯಾರು ಸತ್ರು?"

"ನೀನೇ. ಉಸಿರೆತ್ತಬೇಡ. ಇನ್ನೈದು ನಿಮಿಷ ಸತ್ತಿರು."

ಬೆಂಚಿನ ಮೇಲೆ ಗೆಂಚೊ ಕಣ್ಣೊರೆಸಿಕೊಂಡ. "ಪಾಪ್ಲರ್ ಮರ ಎಲ್ಲ ಬರೀ ಬೂಟಾಟಿಕೆ, ಒಪ್ಕೋತೀನಿ. ನಾಯ್ದೆನ್ ಹೇಳಿದ್ದೇ ಸರಿ. ಅವನ ನೆನಪಿಗೋಸ್ಕರ ಆ ಕಸ ನಾನೇ ಎತ್ತಿಸ್ತೀನಿ!"

"ಯಾವಾಗ?" ದೋಚ್ಕಾ ಹಿಂದಿನಿಂದ ಕೂಗಿದಳು.

"ಬರೋ ಮೇ ತಿಂಗಳ ಸಂತ ಜಾರ್ಜ್ ಹಬ್ಬದೊಳಗೆ!"

"ಪೂರ್ತಿ?"

"ಒಂದು ಬಾಟ್ಲಿ ಮುಚ್ಚಳಾನೂ ಬಿಡಲ್ಲ!"

ಜನ ಶಿಲುಬೆ ಗುರುತು ಮಾಡಿಕೊಂಡರು. ದೋಚ್ಕಾ ನಾಯ್ದೆನ್‌ನ ತೋಳು ಬಿಟ್ಟಳು. "ಈಗ ಎದ್ದು ಹೋಗಪ್ಪ."

ಅವನು ಸೈಕಲ್ ತಳ್ಳಿಕೊಂಡು ಹೊರಬಂದಾಗ ಗೆಂಚೊ ಬೆಂಚಿನ ಮೇಲೆ ಕುಸಿದು ಕೂತ. ನಾಯ್ದೆನ್ ತನ್ನ ಫೋಟೊ ಮುಂದಿನ ಹೂವನ್ನೆಲ್ಲ ನೋಡಿ, ಗೋಧಿ ಒಂದು ಚಮಚ ಬಾಯಿಗೆ ಹಾಕಿಕೊಂಡು, ಸಕ್ಕರೆ ಕಮ್ಮಿಯಾಯಿತು ಎಂದ.

ಚುನಾವಣೆಯಲ್ಲಿ ಅವನು ಒಂಬತ್ತು ಮತಗಳಿಂದ ಸೋತ. ಸಾಯದೇ ನಮ್ಮನ್ನು ಸುಮ್ಮಸುಮ್ಮನೆ ಅಳುವಂತೆ ಮಾಡಿದ ಎಂದು ಕೆಲವರಿಗೆ ಸಿಟ್ಟು. ದೋಚ್ಕಾಳಿಗೆ ಮಾತ್ರ ನಿಜಕ್ಕೂ ಸಂಕಟವಾಯಿತು. ತನ್ನಿಂದಲೇ ಒಳ್ಳೆಯವನೊಬ್ಬ ಸೋತ ಎಂದು ಎರಡು ದಿನ ಊಟ ಸೇರಲಿಲ್ಲ.

ಚಳಿಗಾಲ ಕಳೆಯಿತು. ಏಪ್ರಿಲ್ ಬಂದರೂ ಒಂದು ಲಾರಿಯೂ ಬರಲಿಲ್ಲ. ಒಂದು ಬೆಳಿಗ್ಗೆ ಗೆಂಚೊ ಕಚೇರಿಗೆ ಬಂದರೆ ಬಾಗಿಲ ಮೆಟ್ಟಿಲ ಮೇಲೆ ದೋಚ್ಕಾ ಕೂತು ಅಂಟು ಕಲಸುತ್ತಿದ್ದಾಳೆ. ಪಕ್ಕದಲ್ಲಿ ಬೂದು ಕಾಗದದ ಕಟ್ಟು. ಮೇಲಿನ ಹಾಳೆಯಲ್ಲಿ ಅವನದೇ ಫೋಟೊ, ಹೆಸರು, ಹುಟ್ಟಿದ ವರ್ಷ.

"ಅಯ್ಯೋ, ಏನಜ್ಜಿ ಇದು?"

"ಬದುಕಿರೋರ ಮಾತು ಈ ಊರಲ್ಲಿ ನಡೆಯಲ್ಲ ಕಣಪ್ಪ. ನೀನು ಅಷ್ಟು ಜನರ ಮುಂದೆ ಕೊಟ್ಟ ಮಾತು ನಡೀಲಿ ಅಂತ ಇದನ್ನ ಅಂಟಿಸೋಕೆ ಹೊರಟಿದೀನಿ."

ಸೋಮವಾರ ಮೂರು ಲಾರಿ ಬಂದವು. ಆ ಬೇಸಿಗೆಯಲ್ಲಿ ದೋಚ್ಕಾಳ ಗಿಡಗಳಲ್ಲಿ ದೊಣ್ಣೆಮೆಣಸಿನಕಾಯಿ ಬಿಟ್ಟು ಬೇರೇನೂ ನೇತಾಡಲಿಲ್ಲ.