ಅಕ್ಷರದ ಮೇಲೆ ಅಕ್ಷರ ಮುಚ್ಚಬೇಡಿ

ಇನ್‌ಸ್ಪೆಕ್ಟರು ಬರುತ್ತಾರೆಂದರೆ ಹಳ್ಳಿ ಶಾಲೆಗಳಲ್ಲಿ ಏನು ನಡೆಯುತ್ತದೆ ಎಂದು ನಿಮಗೆ ಗೊತ್ತು. ಗೋಡೆಗೆ ಸುಣ್ಣ ಬಳಿಯುತ್ತಾರೆ, ನೆಲಕ್ಕೆ ಸಗಣಿ ಸಾರಿಸುತ್ತಾರೆ, ದಡ್ಡರೆನಿಸಿದ ಮಕ್ಕಳನ್ನು ಮನೆಗೆ ಅಟ್ಟುತ್ತಾರೆ. ಆ ಮೂರನೆಯ ಕೆಲಸ ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಗೋದಾ. ಮಳವಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತೇನೆ. ಹೋದ ತಿಂಗಳು ಪಕ್ಕದ ಹಳ್ಳಿಯ ಮರಿಸಿದ್ದಯ್ಯ ಮಗಳು ಪುಟ್ಟಮಾದಮ್ಮನ ಕೈಹಿಡಿದು ನಮ್ಮ ಬಾಗಿಲಿಗೆ ಬಂದ. ಮಗುವಿಗೆ ಏಳು ವರ್ಷ, ಕಣ್ಣು ಅತ್ತು ಅತ್ತು ಊದಿತ್ತು. ಶಾಲೆಯಲ್ಲಿ ತೋರಿಸಿದ ಅಕ್ಷರ ತನಗೆ ಕಾಣುವುದೇ ಇಲ್ಲ ಅನ್ನುತ್ತಾಳಂತೆ. ಸೋಮವಾರ ಇನ್‌ಸ್ಪೆಕ್ಟರು ಬರುವುದರೊಳಗೆ ಅವಳ ಹೆಸರು ಹೊಡೆದುಹಾಕುತ್ತಾರಂತೆ. ಎಮ್ಮೆ ಮೇಯಿಸಲು ಕಳಿಸುವುದೆಂದು ಅವನೂ ತೀರ್ಮಾನಿಸಿಬಿಟ್ಟಿದ್ದ. ಕಣ್ಣಿಗೆ ಏನಾದರೂ ಔಷಧಿ ಇದೆಯೇ ಎಂದು ಕೇಳಲು ಬಂದಿದ್ದ, ಅಷ್ಟೇ.

"ನಮ್ಮಂತೋರ ತಲೆಗೆ ಅಕ್ಸರ ಅತ್ತಾಕಿಲ್ಲ ಅಂದ್ರು ಮೇಷ್ಟ್ರು. ದಿಟವೇ ಇರ್ಬೇಕು, ಅಮ್ಮಾರೆ" ಎಂದ.

ಶಿವನಸಮುದ್ರದ ಕರೆಂಟು ಊರೂರಿಗೆ ಹೋಗುತ್ತಿರುವ ಕಾಲದಲ್ಲಿ ಇಂಥ ಮಾತು. ಅವನನ್ನು ಸರಿಯಾಗಿ ಬೈದೆ. ಆಮೇಲೆ ಅಂಗಳದ ಮಣ್ಣಿನಲ್ಲಿ ಬೆರಳಿನಿಂದ 'ಮ' ಎಂದು ಬರೆದೆ, ಹುಡುಗಿ ಓದಿದಳು. ಪಕ್ಕದಲ್ಲಿ 'ರ' ಬರೆದೆ, ಎರಡನ್ನೂ ಕೂಡಿಸಿ 'ಮರ' ಎಂದಳು. ಕಣ್ಣು ಚೆನ್ನಾಗಿಯೇ ಇದೆ. ಹಾಗಾದರೆ ಶಾಲೆಯಲ್ಲಿ ಏನಾಗುತ್ತದೆ ಎಂದು ಕೇಳಿದೆ.

"ಮೇಷ್ಟ್ರು ಒಂದ್ ರಟ್ಟು ತೋರುಸ್ತಾರೆ. ನೋಡಾದ್ರೊಳ್ಗೆ ಅದ್ರ ಮ್ಯಾಲೆ ಇನ್ನೊಂದ್ ಮಡಗ್ಬುಡ್ತಾರೆ. ಮೊದಲ್ನೇದು ಅಳ್ಸೋಯ್ತದೆ" ಎಂದಳು.

ಮಾರನೆಯ ದಿನ ತಂದೆ ಮಗಳ ಜೊತೆ ನಾನೇ ಆ ಶಾಲೆಗೆ ಹೋದೆ. ಮೇಷ್ಟ್ರು ವೆಂಕಟರಾಮಯ್ಯನವರು ರಟ್ಟಿನ ಚೂರುಗಳ ಮೇಲೆ ಅಕ್ಷರ ಬರೆದು ಕಟ್ಟು ಮಾಡಿಕೊಂಡಿದ್ದರು. ಇಸ್ಪೀಟು ಎಲೆ ಹಾಕಿದಂತೆ ಒಂದರ ಮೇಲೊಂದು ಪಟಪಟನೆ ಹಾಕುತ್ತಿದ್ದರು. ಇನ್‌ಸ್ಪೆಕ್ಟರಿಗೆ ಚುರುಕು ಕಾಣಬೇಕಂತೆ. ಮುಂದೆ ಕೂತ ಮಕ್ಕಳು ಕೂಗುತ್ತಿದ್ದರು ನಿಜ, ಆದರೆ ಯಾರೂ ರಟ್ಟು ನೋಡುತ್ತಿರಲಿಲ್ಲ. ದಿನವೂ ಅದೇ ಸಾಲು, ಬಾಯಿಪಾಠವಾಗಿತ್ತು.

ನಾನು ಕಟ್ಟನ್ನು ಇಸಿದುಕೊಂಡು ಕಲಸಿದೆ. ಮೇಷ್ಟ್ರನ್ನೇ ಚಾಪೆಯ ಮೇಲೆ ಕೂರಿಸಿದೆ. ರೆಪ್ಪೆ ಬಡಿಯುವಷ್ಟು ಹೊತ್ತು ಒಂದು ಅಕ್ಷರ ತೋರಿಸಿ, ತಟ್ಟನೆ ಅದರ ಮೇಲೆ ಇನ್ನೊಂದು ಅಕ್ಷರ ಮುಚ್ಚಿದೆ. ಮೊದಲನೆಯದು ಯಾವುದು ಎಂದೆ. 'ಬ' ಎಂದರು. ಅದು 'ಳ'. ಮತ್ತೆ ಕೇಳಿದೆ, ಮತ್ತೆ ತಪ್ಪು. ಮೂರನೆಯ ಸಲ ಮುಖ ಬೆವೆತಿತ್ತು. ಆಮೇಲೆ ಅಷ್ಟೇ ಹೊತ್ತು ತೋರಿಸಿ, ಮೇಲೆ ಏನೂ ಬರೆಯದ ಬರಿಯ ರಟ್ಟು ಮುಚ್ಚಿದೆ. ಸರಿಯಾಗಿ ಹೇಳಿದರು.

"ಅಕ್ಷರ ಮರೆಯಾದ ಮೇಲೂ ಒಂದು ಗಳಿಗೆ ಕಣ್ಣಲ್ಲಿ ಉಳಿದಿರುತ್ತೆ, ಮೇಷ್ಟ್ರೇ. ಅಷ್ಟರಲ್ಲಿ ಬುದ್ಧಿ ಅದನ್ನ ಹಿಡಿಯಬೇಕು. ನೀವು ಅಷ್ಟರಲ್ಲೇ ಇನ್ನೊಂದು ಅಕ್ಷರ ಹಾಕಿದ್ರೆ ಮೊದಲನೇದು ಅಳಿಸಿಹೋಗುತ್ತೆ. ನಿಮ್ಮ ಕಣ್ಣಿಗೇ ಆಗದ್ದು ಈ ಕೂಸಿಗೆ ಹೇಗಾಗುತ್ತೆ?"

ಆಮೇಲೆ ಹುಡುಗಿಗೆ ಹತ್ತು ರಟ್ಟು ಬಿಡುವು ಕೊಟ್ಟು ತೋರಿಸಿದೆ. ಹತ್ತನ್ನೂ ಓದಿದಳು.

ಮರಿಸಿದ್ದಯ್ಯ ಮಗಳನ್ನು ಹತ್ತಿರ ಎಳೆದುಕೊಂಡ. "ನಾಕ್ ದಿನದಿಂದ ಬಾರ್ಕೋಲ್ನಾಗೆ ಹೊಡ್ದಿವ್ನಿ, ಅಮ್ಮಾರೆ. ಕಾಣಾಕಿಲ್ಲ ಕಣಪ್ಪ ಅಂತಿತ್ತು. ಸುಳ್ಳಾಡ್ತೀಯಾ ಅಂತ ಇನ್ನೆರಡು ಬುಟ್ಟೆ."

ಹುಡುಗಿಯ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಿತು. ಸೋಮವಾರ ಅವಳು ಮುಂದಿನ ಸಾಲಿನಲ್ಲಿ ಕೂತು ಇನ್‌ಸ್ಪೆಕ್ಟರ ಮುಂದೆ ಓದಿದಳು. ಮೇಷ್ಟ್ರು ಈಗ ಒಂದೊಂದು ಅಕ್ಷರ ತೋರಿಸಿದ ಮೇಲೂ ಒಂದು ಬರಿಯ ರಟ್ಟು ಹಾಕುತ್ತಾರೆ. ನನ್ನ ಕೋಪ ಮಾತ್ರ ಇಳಿದಿಲ್ಲ.

ತಾಯಂದಿರೇ, ತಂದೆಯರೇ, ನಿಮ್ಮ ಮಗು ದಡ್ಡ ಎಂದು ಯಾರಾದರೂ ಹೇಳಿದರೆ ನಂಬುವ ಮುಂಚೆ ಒಂದು ಸಲ ಶಾಲೆಗೆ ಹೋಗಿ ಹಿಂದೆ ಕೂತು ನೋಡಿ. ಅಕ್ಷರ ತೋರಿಸಿ ಬಿಡುವು ಕೊಡುತ್ತಾರೆಯೇ, ಹಲಗೆಯನ್ನು ಪೂರ್ತಿ ಒರೆಸಿ ಬೇರೆ ಅಕ್ಷರ ಬರೆಯುತ್ತಾರೆಯೇ, ನೋಡಿ. ಇಲ್ಲದಿದ್ದರೆ ಕೇಳಿ. ಮೇಷ್ಟ್ರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಮಗು ಕಾಣಲಿಲ್ಲ ಎಂದರೆ ಕೋಲು ಕೆಳಗಿಡಿ. ಪುಟ್ಟಮಾದಮ್ಮನ ಬೆನ್ನಿನ ಬರೆ ಇನ್ನೂ ಮಾಸಿಲ್ಲ.