ಜಟ್ಟಪ್ಪನ ಚಹಾದಂಗಡಿಯ ಸಾಹೇಬರು

ಇಪ್ಪತ್ತೆರಡು ವರ್ಷ ಕಾರವಾರದ ಆಗಬೋಟಿ ಹಡಗಿನ ಕಂಪನಿಯಲ್ಲಿ ಸಾಹೇಬರ ಬಾಗಿಲು ಕಾದ ಪಟ್ಟೇವಾಲ ಜಟ್ಟಪ್ಪನನ್ನು, ವ್ಯಾಪಾರ ಬಿದ್ದುಹೋಯಿತೆಂದು ಕಂಪನಿ ಮನೆಗೆ ಕಳಿಸಿತು. ಹಾಳಾಗಿ ಹೋಗಲಿ ಎಂದು ಅವನು ಅಂಕೋಲೆಯಲ್ಲಿ ಸ್ವಂತ ಚಹಾದಂಗಡಿ ತೆರೆದ. ಹೆಂಡತಿ ಕಾಶಿ ಒಳಗೆ ಒಲೆಯ ಮುಂದೆ, ಜಟ್ಟಪ್ಪ ಬಾಗಿಲಲ್ಲಿ ಸ್ಟೂಲಿನ ಮೇಲೆ.

ಬೋಣಿಗೆಗೆ ಬಂದವನು ಶೆಟಗೇರಿಯ ಗಾಡಿ ಹೊಡೆಯುವ ಕುಪ್ಪ. "ಒಂದು ಚಾ ಬೇಕಿತ್ತು."

"ಕುಂತ್ಕೊ. ಸಾಹೇಬರು ಕೆಲಸದಲ್ಲಿದ್ದಾರೆ," ಅಂದುಬಿಟ್ಟ ಜಟ್ಟಪ್ಪ. ಹಾಳು ನಾಲಗೆ, ಕೆಲಸ ಹೋದದ್ದು ಅದಕ್ಕಿನ್ನೂ ಗೊತ್ತಿಲ್ಲ! ಪಾಪ, ಕುಪ್ಪ ಮುಂಡಾಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಅರ್ಧ ತಾಸು ಕಾದ.

ಒಳಗೆ ಚಹಾ ಕುದ್ದೂ ಕುದ್ದೂ ಕಷಾಯವಾದಾಗ ಕಾಶಿ ಸೌಟು ಹಿಡಿದೇ ಹೊರಬಂದಳು. "ಬೋಣಿಗೆ ಗಿರಾಕೀನ ಬಾಗಲಲ್ಲಿ ಕುಂದ್ರಿಸ್ಕಂಡು ಏನ್ ಮಾಡ್ತಿದ್ರಿ?"

ಜಟ್ಟಪ್ಪ ದಡಬಡಿಸಿ ಎದ್ದು ಸಲಾಮು ಹೊಡೆದ. ಆಮೇಲೆ ಕುಪ್ಪನ ಕಿವಿಯಲ್ಲಿ ಅಂದ: "ಹೋಗು, ಸಾಹೇಬರು ಬಂದ್ರು."